ಸುಕ್ರಜ್ಜಿಯ ಹಾಡು ಸನ್ಮಾನದ ಶಾಲಿನ ಕೆಳಗೆ ಮುಚ್ಚಿಹೋಗದಿರಲಿ

ಸಂಪಾದಕರಿಗೆ ನಮಸ್ಕಾರ,

ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಾರ್ತಿ ನಾಡೋಜ ಸುಕ್ರಿ ಬೊಮ್ಮಗೌಡರ, ಅಂದರೆ ನಮ್ಮ ಸುಕ್ರಜ್ಜಿಯ, ಬಗ್ಗೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರು ಮಾತು ಶುರು ಮಾಡಿದರೂ ಮೂರೇ ವಿಷಯ. ಹಾಲಕ್ಕಿ ಕೋಗಿಲೆ, 2017ರ ಪದ್ಮಶ್ರೀ, ಸಾವಿರಕ್ಕೂ ಹೆಚ್ಚು ಹಾಡು ಬಾಯಿಪಾಠ. ಇದೆಲ್ಲಾ ನಿಜ. ಆದರೆ ಅಲ್ಲಿಗೇ ಮಾತು ನಿಲ್ಲಿಸಿಬಿಡುತ್ತೇವಲ್ಲ, ನನ್ನ ಬೇಸರ ಇರುವುದು ಅದರ ಬಗ್ಗೆ. ಆ ಹಾಡುಗಳಲ್ಲಿ ಏನಿತ್ತು, ಆ ಹೆಂಗಸು ಅದನ್ನು ಯಾತಕ್ಕೆ ಬಳಸಿದರು, ಈಗ ಅವು ಎಲ್ಲಿವೆ ಅಂತ ಕೇಳುವವರು ಕಡಿಮೆ.

ಅಂಕೋಲಾ ತಾಲ್ಲೂಕಿನ ಬಡಗೇರಿಯವರು ಅವರು. ಶಾಲೆಗೆ ಹೋದವರಲ್ಲ. ತಾಯಿಯ ಬಾಯಿಂದ ಹಾಡು ಕಲಿತವರು. ಚಿಕ್ಕ ವಯಸ್ಸಿನಲ್ಲಿ ಮದುವೆ, ಗಂಡ ಬೇಗ ಹೋದರು, ಆಮೇಲೆ ಸಾಕಿದ ಮಗನೂ ಕುಡಿತಕ್ಕೆ ಬಲಿಯಾದ. ಇಷ್ಟು ನೋವು ಉಂಡವರು ಮೂಲೆ ಹಿಡಿದು ಕೂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಕೂರಲಿಲ್ಲ. ತೊಂಬತ್ತರ ದಶಕದಲ್ಲಿ ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜ ಸಂಸ್ಥೆಯ ಡಾ. ಕುಸುಮಾ ಸೊರಬ ಅವರ ಜೊತೆ ಸೇರಿ ಸಾರಾಯಿ ವಿರುದ್ಧದ ಹೋರಾಟಕ್ಕೆ ಇಳಿದರು. ಊರೂರಿನ ಹೆಂಗಸರನ್ನು ಒಟ್ಟು ಮಾಡಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅಂಕೋಲಾ. ಇಲ್ಲಿನ ಮಕ್ಕಳಿಗೆ ಅದನ್ನು ಹೇಳಿಕೊಡುತ್ತೇವೆ, ಈ ಹೋರಾಟವನ್ನು ಯಾಕೆ ಹೇಳಿಕೊಡುವುದಿಲ್ಲ?

ಅಕ್ಷರ ಬಾರದ ಒಬ್ಬ ಹೆಂಗಸಿನ ಮಾತಿಗೆ ಅಷ್ಟು ತೂಕ ಎಲ್ಲಿಂದ ಬಂತು ಅಂತ ನಾನು ತುಂಬಾ ಯೋಚಿಸಿದ್ದೇನೆ. ನನಗೆ ಅನಿಸುವುದು, ಅದು ಹಾಡಿನಿಂದಲೇ ಬಂತು. ಹಾಲಕ್ಕಿಗಳಲ್ಲಿ ಹಾಡು ಅಂದರೆ ಕಲೆ ಅಂತ ಬೇರೆ ಇಟ್ಟ ವಸ್ತುವಲ್ಲ. ಮದುವೆಯ ಒಂದೊಂದು ಶಾಸ್ತ್ರಕ್ಕೂ ಹಾಡು ಬೇಕು. ಗದ್ದೆ ನೆಟ್ಟಿಗೆ ಹಾಡು, ಭತ್ತ ಕುಟ್ಟಲು ಹಾಡು, ಅಂಗಳದ ತುಳಸಿ ಕಟ್ಟೆಯ ಮುಂದೆ ಹಾಡು. ನಿಮ್ಮ ಮನೆಯ ಮದುವೆಯಲ್ಲಿ ಹಾಡಿದ, ನಿಮಗೆ ಅರಿಶಿನ ಹಚ್ಚುವಾಗ ದೇವರನ್ನು ಕರೆದ ಹೆಂಗಸು ನಾಳೆ ಸಾರಾಯಿ ಅಂಗಡಿ ಎದುರು ಬಂದು ನಿಂತರೆ, ಅವರನ್ನು ದಾಟಿ ಒಳಗೆ ಹೋಗಲು ಕಾಲು ಬರುತ್ತದೆಯೇ? ಭಾಷಣ ಮಾಡುವವರನ್ನು ಯಾರು ಬೇಕಾದರೂ ದಾಟಿ ಹೋಗಬಹುದು. ಇವರನ್ನು ದಾಟುವುದು ಕಷ್ಟ.

ಭಕ್ತಿಯ ವಿಷಯವನ್ನೂ ನಾವು ಸುಮ್ನೆ ಬಿಟ್ಟುಬಿಡುತ್ತೇವೆ. ಹಾಲಕ್ಕಿಗಳ ಕೇರಿಗಳಾದ ಕೊಪ್ಪಗಳಲ್ಲಿ ತುಳಸಿ ಕಟ್ಟೆ ಇಲ್ಲದ ಮನೆ ಸಿಗುವುದಿಲ್ಲ. ತಿರುಪತಿ ವೆಂಕಟರಮಣ ಅಂದರೆ ಅವರಿಗೆ ಪ್ರಾಣ. ಹೋಳಿ ಸಮಯದ ಸುಗ್ಗಿ ಕುಣಿತದಲ್ಲಿ ಬಣ್ಣದ ತುರಾಯಿ ತಲೆಗೆ ಕಟ್ಟಿದ ಮೇಲೆ ಆ ಗಂಡಸಿಗೆ ಅದು ವ್ರತ, ಕುಣಿತ ಮಾತ್ರ ಅಲ್ಲ. ಗುಮಟೆ ಅನ್ನುವ ಮಣ್ಣಿನ ಚರ್ಮವಾದ್ಯ ಬಾರಿಸುವವರು ಗಂಡಸರು. ಹೆಂಗಸರ ಹಾಡಿಗೆ ಅಂತಹ ವಾದ್ಯ ಬೇಕಾಗಿಲ್ಲ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಅದೇ ಸಾಲನ್ನು ಹಿಡಿದು ಹೇಳುತ್ತಾರೆ, ಆ ಸಾಲು ಮುಗಿಯುವ ಮೊದಲೇ ಮೊದಲನೆಯವರು ಮುಂದಿನ ಸಾಲಿಗೆ ಉಸಿರು ತುಂಬಿಕೊಂಡಿರುತ್ತಾರೆ. ಹತ್ತಿರ ಕೂತು ಕೇಳಿದರೆ ಎಲ್ಲಿ ಒಬ್ಬರ ದನಿ ಬಿಟ್ಟಿತು, ಎಲ್ಲಿ ಇನ್ನೊಬ್ಬರದು ಸೇರಿತು ಅಂತ ಗೊತ್ತೇ ಆಗುವುದಿಲ್ಲ. ನಡುನಡುವೆ ಕೊರಳಿನ ಕರಿಮಣಿ ಸರಗಳು ಒಂದಕ್ಕೊಂದು ತಾಗುವ ಸದ್ದೂ ಕೇಳುತ್ತದೆ.

ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಸಮಾರಂಭದಲ್ಲಿ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಸುಕ್ರಜ್ಜಿ ಅಲ್ಲಿರಲಿಲ್ಲ, ಬೇರೆ ಹಾಲಕ್ಕಿ ಅಜ್ಜಿಯರು ಇದ್ದರು. ತುಳಸಿಯ ಹಾಡು ಎತ್ತಿದರು. ಅದು ಉದ್ದದ ಹಾಡು, ನಿಧಾನಕ್ಕೆ ಬೆಳೆಯುವಂಥದ್ದು. ಐದು ನಿಮಿಷ ಆಗುವಷ್ಟರಲ್ಲಿ ಅತಿಥಿಗಳು ಬಂದರು ಅಂತ ಮೈಕ್ ತೆಗೆದುಕೊಂಡರು. ಚಪ್ಪಾಳೆ, ಶಾಲು, ಫೋಟೋ ಎಲ್ಲ ಆಯಿತು. ಅಜ್ಜಿಯರು ಒಂದು ಮಾತೂ ಆಡದೆ ಕೆಳಗೆ ಇಳಿದು, ಪೆಂಡಾಲಿನ ಹಿಂದೆ ಅಡುಗೆ ಪಾತ್ರೆ ಇಟ್ಟಿದ್ದ ಜಾಗದಲ್ಲಿ ಕೂತು, ಬಿಟ್ಟ ಸಾಲಿನಿಂದಲೇ ಹಾಡು ಮುಂದುವರಿಸಿ ಪೂರ್ತಿ ಮುಗಿಸಿದರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬರು ಹೇಳಿದ್ದು, ದೇವರ ಹಾಡು ಅರ್ಧಕ್ಕೆ ಬಿಡಬಾರದು. ಬಡಿಸಲು ನಿಂತ ಹುಡುಗರು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಒಳಗೆ ಮೈಕಿನಲ್ಲಿ ಜಾನಪದ ಉಳಿಸಿ ಅಂತ ಭಾಷಣ ನಡೆಯುತ್ತಿತ್ತು.

ಇದನ್ನು ನೋಡಿದ ಮೇಲೆ ನನಗೆ ಸನ್ಮಾನಗಳ ಮೇಲಿನ ನಂಬಿಕೆ ಕಡಿಮೆಯಾಗಿದೆ.

2024ರ ಡಿಸೆಂಬರ್ 16ಕ್ಕೆ ಸಾವಿರಾರು ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಎರಡು ತಿಂಗಳೂ ತುಂಬಲಿಲ್ಲ, 2025ರ ಫೆಬ್ರವರಿ 13ಕ್ಕೆ ಸುಕ್ರಜ್ಜಿಯೂ ಹೋದರು. ಒಂದೇ ತಾಲ್ಲೂಕು, ಒಂದೇ ಸಮುದಾಯ, ಇಬ್ಬರು ಪದ್ಮಶ್ರೀಗಳು. ಆ ದಿನಗಳಲ್ಲಿ ದೊಡ್ಡವರೆಲ್ಲ ಸಂತಾಪ ಹೇಳಿದರು. ಆದರೆ ಸುಕ್ರಜ್ಜಿ ಬದುಕಿದ್ದಾಗ ಬಾಯಿ ಬಿಟ್ಟು ಕೇಳಿದ್ದು ಏನಾಯಿತು? ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂದರು, ಅವರು ಹೋಗುವವರೆಗೂ ಅದು ಆಗಲಿಲ್ಲ. ಊರಲ್ಲಿ ಅಕ್ರಮವಾಗಿ ಹೆಂಡ ಮಾರುವುದನ್ನು ನಿಲ್ಲಿಸಿ ಅಂತ ಆ ವಯಸ್ಸಿನಲ್ಲೂ ಕೇಳುತ್ತಲೇ ಇದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಒಪ್ಪಿಕೊಳ್ಳೋಣ, ಅದು ಅವರಂಥ ಸಾವಿರಾರು ಹೆಂಗಸರ ಗೆಲುವು. ಆದರೆ ಸಾರಾಯಿಯ ಕೊಟ್ಟೆ (ಪ್ಲಾಸ್ಟಿಕ್ ಪೊಟ್ಟಣ) ಹೋಗಿ ಮದ್ಯದ ಟೆಟ್ರಾ ಪ್ಯಾಕ್ ಬಂತು. ಗೋವಾ ಮದ್ಯ ಗಡಿಯ ಮಾಜಾಳಿ ದಾಟಿ ಬರುತ್ತಲೇ ಇದೆ, ಹಿಡಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಹಳ್ಳಿಯ ಗೂಡಂಗಡಿಯಲ್ಲಿ ಏನು ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅವರ ಹೆಸರಿನಲ್ಲಿ ಕಾರ್ಯಕ್ರಮ ಮಾಡುವವರು ಈ ಮಾತನ್ನೂ ಅದೇ ವೇದಿಕೆಯಲ್ಲಿ ಆಡಲಿ.

ಇನ್ನು ಹಾಡುಗಳ ವಿಷಯ. ಹೊನ್ನಾವರದ ಡಾ. ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ, ಕುಮಟೆಯ ಎಲ್.ಆರ್. ಹೆಗಡೆಯವರು ಈ ಜಿಲ್ಲೆಯ ಜನಪದ ಹಾಡು, ಕಥೆಗಳನ್ನು ಊರೂರು ತಿರುಗಿ ಸಂಗ್ರಹಿಸಿದರು. ಅವರ ಋಣ ದೊಡ್ಡದು. ಆದರೆ ಪುಸ್ತಕದಲ್ಲಿ ಮಾತು ಸಿಗುತ್ತದೆ, ಧಾಟಿ ಸಿಗುವುದಿಲ್ಲ. ಧಾಟಿ ಇರುವುದು ಧ್ವನಿಮುದ್ರಣದಲ್ಲಿ. ಕಾರವಾರ ಆಕಾಶವಾಣಿ ಸುಕ್ರಜ್ಜಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದೆ. ಅವು ಸಾರ್ವಜನಿಕರಿಗೆ ಸುಲಭವಾಗಿ, ಮೊಬೈಲಿನಲ್ಲಿ, ಪೂರ್ತಿ ಉದ್ದದಲ್ಲಿ ಕೇಳಲು ಸಿಗಬೇಕು. ಯಾವ ಸಂದರ್ಭದ ಹಾಡು, ಯಾರು ಯಾರು ದನಿ ಸೇರಿಸಿದ್ದಾರೆ ಅನ್ನುವುದೂ ಜೊತೆಗಿರಲಿ. ಮುಂದಾಳಿನ ಹೆಸರು ಮಾತ್ರ ಉಳಿದು ಹಿಂದೆ ಹೇಳಿದವರ ಹೆಸರು ಕಳೆದುಹೋಗುವುದು ಈ ಹಾಡಿಗೆ ನ್ಯಾಯ ಅಲ್ಲ, ಯಾಕೆಂದರೆ ಇದು ಒಬ್ಬರೇ ಹೇಳಿದರೆ ನಡೆಯುವ ಹಾಡಲ್ಲ.

ಈಗ ಹಾಡುತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ. ಅವರಿಗೆ ಕಲಾವಿದರ ಮಾಸಾಶನ ಸಿಗಬೇಕಾದರೆ ಕಾರ್ಯಕ್ರಮ ಕೊಟ್ಟ ದಾಖಲೆ ಬೇಕು ಅನ್ನುತ್ತಾರೆ. ಮದುವೆ ಮನೆಯಲ್ಲಿ, ಗದ್ದೆಯಲ್ಲಿ, ತುಳಸಿ ಕಟ್ಟೆಯ ಮುಂದೆ ಹಾಡಿದವರಿಗೆ ಪ್ರಮಾಣಪತ್ರ ಯಾರು ಕೊಡುತ್ತಾರೆ, ಹೇಳಿ? ಗ್ರಾಮ ಪಂಚಾಯ್ತಿಯವರು ಊರಿನ ನಾಲ್ಕು ಜನರನ್ನು ಕೇಳಿ ಬರೆದುಕೊಟ್ಟರೆ ಸಾಕು ಅಂತ ನಿಯಮ ಮಾಡಲು ಕಷ್ಟವೇನೂ ಇಲ್ಲ. ಶಾಲೆಗಳಿಗೂ ಅವರನ್ನು ಕರೆಸಲಿ, ವಾರ್ಷಿಕೋತ್ಸವಕ್ಕಲ್ಲ, ಮಾಮೂಲಿ ದಿನದ ಒಂದು ಪೀರಿಯಡ್ಡಿಗೆ, ದಿನಗೂಲಿ ಕೊಟ್ಟು. ಮಕ್ಕಳು ಆ ಧಾಟಿಯನ್ನು ಬಾಯಿಂದ ಬಾಯಿಗೆ ಕಲಿಯಲಿ, ಸಾರಾಯಿ ಹೋರಾಟದ ಕಥೆಯನ್ನೂ ಅದರಲ್ಲಿ ಇದ್ದ ಹೆಂಗಸರಿಂದಲೇ ಕೇಳಲಿ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಹಾಡನ್ನು, ಹಾಡಿದವರ ಹೆಸರು ಊರು ಸಮೇತ, ಅವರ ಒಪ್ಪಿಗೆ ಪಡೆದು ಪ್ರಕಟಿಸಿ. ಬರುವ ಸುಗ್ಗಿಗೆ ಶುರು ಮಾಡಿದರೂ ಆದೀತು. ಬರೆದುಕೊಳ್ಳಲು ಜನ ಬೇಕಾದರೆ ಈ ಕಡೆಯ ಹಳ್ಳಿಗಳಿಗೆ ಹೋಗಿಬರಲು ನಾನು ತಯಾರಿದ್ದೇನೆ, ನನ್ನಂಥವರು ಇನ್ನೂ ಕೆಲವರು ಇದ್ದಾರೆ.

— ಒಬ್ಬ ಓದುಗಿ, ಅಂಕೋಲಾ