ಶಂಟ್ ಫಲ ಕೊಡುತ್ತಾ? ಇಇಜಿ ಬಗ್ಗೆ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಶಂಟ್ (ಮೆದುಳಿನಲ್ಲಿ ತುಂಬಿದ ನೀರನ್ನು ಬೇರೆ ಕಡೆ ಹರಿಸಲು ದೇಹದೊಳಗೆ ಹಾಕುವ ಕೊಳವೆ) ಯಾರಿಗೆ ಫಲ ಕೊಡುತ್ತದೆ ಅಂತ ಇಇಜಿ (ಮೆದುಳಿನ ಅಲೆ ನೋಡುವ ಪರೀಕ್ಷೆ) ಮೊದಲೇ ಹೇಳುತ್ತಾ ಅಂತ ನಿನ್ನೆ ಇಬ್ಬರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ವಯಸ್ಸಾದವರಿಗೆ ಬರುವ, ಮೆದುಳಿನೊಳಗೆ ನೀರು ಹೆಚ್ಚಾಗಿ ನಡಿಗೆ ಕೆಡುವ ನಾರ್ಮಲ್ ಪ್ರೆಶರ್ ಹೈಡ್ರೋಸೆಫಾಲಸ್‌ನಲ್ಲಿ ಶಂಟ್ ಹಾಕಿಸಿದ ಎಲ್ಲರಿಗೂ ಗುಣ ಕಾಣುವುದಿಲ್ಲ. ಹಾಗಾಗಿ ಮೊದಲು ಬೆನ್ನಿಗೆ ಸೂಜಿ ಹಾಕಿ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಈ ನೀರನ್ನು 30ರಿಂದ 50 ಮಿಲಿ ತೆಗೆದು, ನಡಿಗೆ ಸುಧಾರಿಸುತ್ತಾ ಅಂತ ನೋಡುತ್ತಾರೆ. ನಮ್ಮ ಅಪ್ಪನ ಪಾದ ನೆಲಕ್ಕೆ ಅಂಟಿದ ಹಾಗಿತ್ತು. ಹೊಸ್ತಿಲು ಬಂದರೆ ನಿಂತೇ ಬಿಡುತ್ತಿದ್ದರು. ನೀರು ತೆಗೆದ ಮರುದಿನ ವಾರ್ಡಿನ ಬಾಗಿಲು ದಾಟಿ, ತಾವೇ ತಿರುಗಿ ಬಂದರು. ನನಗೆ ಕಣ್ಣು ತುಂಬಿ ಬಂತು.

ಆದರೆ ಈ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದವರಿಗೂ ಶಂಟ್‌ನಿಂದ ಗುಣವಾಗಿದ್ದುಂಟು. ಅದಕ್ಕೇ ಇಇಜಿ ಕಡೆ ಗಮನ ಹೋಗಿದೆ. ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ದಾಖಲಿಸುವುದಷ್ಟೇ, ಸೂಜಿ ಚುಚ್ಚುವುದಿಲ್ಲ. ಜಪಾನಿನ ಸಂಶೋಧಕರು 2013ರಲ್ಲೇ ಈ ಅಲೆಗಳ ಏರಿಳಿತ ನೋಡಿ ಶಂಟ್ ಯಾರಿಗೆ ಫಲಿಸುತ್ತದೆ ಅಂತ ಮೊದಲೇ ತಿಳಿಯಲು ಪ್ರಯತ್ನಿಸಿದ್ದರು. ನನಗಂತೂ ಇದು ಆಸೆ ಹುಟ್ಟಿಸುವ ದಾರಿ. ಆದರೆ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಸುಮ್ನೆ ಲ್ಯಾಬಿಗೆ ಹೋಗಿ ಇಇಜಿ ಮಾಡಿಸಿ ಶಂಟ್ ಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಡಿ.

ನೀರು ತೆಗೆಯುವ ಮೊದಲು ಮತ್ತು ನಂತರ ನಡಿಗೆಯ ವಿಡಿಯೋ ಮಾಡಿಟ್ಟುಕೊಳ್ಳಿ, ತಿರುಗುವುದೂ ಕಾಣಲಿ. ಡಾಕ್ಟರಿಗೆ ತೋರಿಸಿ.