ಛಡಿ ಏಟು ಬಳ್ಳಾರಿಗೆ ಹೊಸದಲ್ಲ

ಮಾನ್ಯರೇ,

‘ಸಣ್ಣಪುಟ್ಟ ಕಳ್ಳರನ್ನ ಜೈಲಿಗೆ ಹಾಕಿ ಕೂಳು ಯಾಕ ಹಾಕ್ಬೇಕ್ರಿ, ನಾಕು ಛಡಿ ಏಟು ಕೊಟ್ಟು ಮನಿಗೆ ಕಳಿಸಿಬಿಡ್ರಿ’ ಎಂಬ ಮಾತು ಚಹಾ ಅಂಗಡಿಯಲ್ಲೂ ಕೋರ್ಟಿನ ಆವರಣದಲ್ಲೂ ಕೇಳಿಬರುತ್ತದೆ. ಹೇಳುವವರಿಗೆ ಇದು ಹೊಸ ಉಪಾಯ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಇದೇ ಕಾನೂನಾಗಿತ್ತು. 1864ರಲ್ಲಿ ಬಂದ ಛಡಿ ಏಟಿನ ಕಾಯ್ದೆಯ ಜಾಗಕ್ಕೆ 1909ರಲ್ಲಿ ಇನ್ನೊಂದು ಬಂತು. ಕಳ್ಳತನಕ್ಕೆ ಜೈಲಿನ ಬದಲು ಏಟು ಕೊಡಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಸಂಸತ್ತು ಅದನ್ನು ರದ್ದು ಮಾಡಿದ್ದು 1955ರಲ್ಲಿ.

ಹೊಡೆಯುವ ಕ್ರಮ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಅರ್ಧ ಇಂಚಿಗೆ ಕಡಿಮೆಯಿಲ್ಲದ ದಪ್ಪದ ಬೆತ್ತ, ಹೆಚ್ಚೆಂದರೆ 30 ಏಟು, 16 ತುಂಬದ ಹುಡುಗರಿಗೆ 15. ಕಂತಿನಲ್ಲಿ ಹೊಡೆಯುವಂತಿಲ್ಲ. ಹೆಂಗಸರಿಗೂ 45 ದಾಟಿದ ಗಂಡಸರಿಗೂ ಇಲ್ಲ. ‘ಈ ಮೈ ತಾಳುವುದಿಲ್ಲ’ ಎಂದು ವೈದ್ಯಾಧಿಕಾರಿ ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಕೋರ್ಟು ಉಳಿದದ್ದನ್ನು ಮನ್ನಾ ಮಾಡಬಹುದಿತ್ತು, ಇಲ್ಲವೇ 12 ತಿಂಗಳವರೆಗೆ ಜೈಲು ವಿಧಿಸಬಹುದಿತ್ತು. ಜೈಲು ತಪ್ಪಿಸುವ ಶಿಕ್ಷೆ ಬಡಕಲು ಮೈಯವನನ್ನು ಜೈಲಿಗೇ ಮುಟ್ಟಿಸುತ್ತಿತ್ತು! ಮೇಲ್ಮನವಿಯಲ್ಲಿ ಗೆದ್ದವನಿಗೆ ಬಾಕಿ ಇರುವ ಜೈಲುದಿನಗಳಾದರೂ ತಪ್ಪುತ್ತವೆ; ಬಿದ್ದ ಏಟನ್ನು ಯಾವ ಕೋರ್ಟು ವಾಪಸ್ ತೆಗೆದುಕೊಳ್ಳುತ್ತದೆ?

ಸಿಂಗಾಪುರದ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ ಬೆತ್ತದೇಟು ಸಾಮಾನ್ಯವಾಗಿ ಜೈಲಿನ ಜೊತೆಗೇ ಬರುತ್ತದೆ. 1994ರಲ್ಲಿ ಸುದ್ದಿಯಾದ ಅಮೆರಿಕದ ಹುಡುಗನಿಗೂ ನಾಲ್ಕು ಏಟಿನ ಜೊತೆ ನಾಲ್ಕು ತಿಂಗಳ ಜೈಲು ಇತ್ತು.

ಜೈಲಿಗೆ ಬದಲಿ ನಮ್ಮ ಕೈಯಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು, ಅದನ್ನು ಹಿಂದಿರುಗಿಸಿ, ಮೊದಲ ಸಲ ತಪ್ಪಿತಸ್ಥನಾದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಆದರೆ ಎಷ್ಟು ತಾಸು, ಎಲ್ಲಿ, ಯಾರ ಉಸ್ತುವಾರಿಯಲ್ಲಿ ಎಂಬುದು ಸಂಹಿತೆಯಲ್ಲಿಲ್ಲ. ಆದೇಶದಲ್ಲಿ ‘ಮೂರು ದಿನ ಸಮುದಾಯ ಸೇವೆ’ ಎಂದಷ್ಟೇ ಬರೆದರೆ ಆತ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತಾನೆ, ಅಲ್ಲಿಯವರು ‘ನಮಗೆ ಪತ್ರ ಬಂದಿಲ್ಲ’ ಎನ್ನುತ್ತಾರೆ. ಜಾಗ, ಶುರುವಾಗುವ ದಿನ, ದಿನದ ತಾಸು, ಹಾಜರಿಗೆ ಸಹಿ ಹಾಕುವ ಅಧಿಕಾರಿಯ ಹುದ್ದೆ, ಕೋರ್ಟಿಗೆ ವರದಿ ಬರಬೇಕಾದ ತಾರೀಖು, ಇಷ್ಟೂ ಆದೇಶದಲ್ಲೇ ಇರಬೇಕು. ಕೂಲಿಯವನಾದರೆ ಬೆಳಿಗ್ಗೆ 6ರಿಂದ 9ರವರೆಗೆ ಕೆಲಸ ಕೊಟ್ಟರೆ ಅಂದಿನ ಪಗಾರ ಉಳಿಯುತ್ತದೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ನಡುಮಧ್ಯಾಹ್ನ ಕಸ ಎತ್ತಿಸಿದರೆ ಅದೂ ಛಡಿ ಏಟೇ. ಮ್ಯಾನ್‌ಹೋಲಿಗಂತೂ ಇಳಿಸಲೇಬಾರದು; ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅದಕ್ಕೆ ಅಡ್ಡ ಇದೆ.

ಬೇರೆ ಸಣ್ಣ ಅಪರಾಧಗಳಿಗೆ 1958ರ ಪ್ರೊಬೇಷನ್ (ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವ) ಕಾಯ್ದೆ ಇದೆ. 21 ತುಂಬದವನನ್ನು ಜೈಲಿಗೆ ಕಳಿಸುವುದಾದರೆ ಕೋರ್ಟು ಕಾರಣ ಬರೆಯಬೇಕು (6ನೇ ಕಲಂ). ಎಡವಟ್ಟಾಗುವುದು ‘ತಪ್ಪೊಪ್ಪಿಕೊಂಡು ದಂಡ ಕಟ್ಟು, ಇವತ್ತೇ ಮುಗೀತದೆ’ ಎಂಬಲ್ಲಿ. ದಂಡ ಅಂದೇ ಮುಗಿಯುತ್ತದೆ, ಶಿಕ್ಷೆಯಾದ ದಾಖಲೆ ಮುಗಿಯುವುದಿಲ್ಲ; ಮುಂದೆ ನೌಕರಿಗೆ ಪೊಲೀಸ್ ಪರಿಶೀಲನೆ ಬಂದಾಗ ಅದು ತಲೆ ಎತ್ತುತ್ತದೆ. ಪ್ರೊಬೇಷನ್ ಮೇಲೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು ಎಂದು 12ನೇ ಕಲಂ ಹೇಳುತ್ತದೆ. ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ಹೊತ್ತಿಗೇ ವಕೀಲರು ಇದಕ್ಕೆ ಅರ್ಜಿ ಹಾಕಬೇಕು.

ಸಮುದಾಯ ಸೇವೆಯ ಆದೇಶಕ್ಕೆ ಒಂದು ಪುಟದ ನಮೂನೆಯನ್ನು ಬಳ್ಳಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಚ್ಚು ಹಾಕಿಸಿ, ತಾಲ್ಲೂಕು ಕೋರ್ಟುಗಳಿಗೂ ಕಳಿಸಲಿ.

– ಒಬ್ಬ ವಕೀಲ, ಬಳ್ಳಾರಿ