ಅಪ್ಪನ ಕಿಡ್ನಿ ಕಾದ ಆ ವಾರ್ಡಿನವರಿಗೆ

ಇವತ್ತು ಅಪ್ಪನ ಕ್ರಿಯಾಟಿನಿನ್ ರಿಪೋರ್ಟ್ ಬಂತು. ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಪರೀಕ್ಷೆ ಅದು, ನಂಬರ್ ಏರಿದಷ್ಟೂ ಕಿಡ್ನಿ ಸೋತಿದೆ ಅಂತ. 1.0, ಸರಿಯಾದ ಮಟ್ಟ. ಹಾವು ಕಚ್ಚಿ ಇವತ್ತಿಗೆ ಮೂರು ತಿಂಗಳು. ಈ ಒಂದು ನಂಬರಿಗಾಗಿ ಮನೆಯವರೆಲ್ಲ ಕಾಯುತ್ತಿದ್ದೆವು, ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಅವತ್ತು ಮುಸ್ಸಂಜೆ ತೋಟದಲ್ಲಿ ಅಡಿಕೆ ಹೆಕ್ಕುವಾಗ ಕೊಳಕುಮಂಡಲ ಕಚ್ಚಿತ್ತು. ದಾರಿಯಲ್ಲಿ ಸಿಕ್ಕ ಒಂದು ಕ್ಲಿನಿಕ್ಕಿನಲ್ಲಿ ನೋವಿಗೆಂದು ಇಂಜೆಕ್ಷನ್ ಚುಚ್ಚಿ ಮುಂದಕ್ಕೆ ಕಳಿಸಿದರು. ನಮಗೂ ಏನೂ ತಿಳಿಯಲಿಲ್ಲ, ಪಾಪ ನೋವು ಕಮ್ಮಿಯಾಗಲಿ ಅಂತ ಸುಮ್ನೆ ಇದ್ದೆವು. ಆಸ್ಪತ್ರೆಗೆ ಬಂದಾಗ ಡ್ಯೂಟಿ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು, ಯಾಕೆಂದರೆ ನೋವಿನ ಕೆಲವು ಮದ್ದು ಕಿಡ್ನಿಗೆ ಹೊಡೆತ ಕೊಡುತ್ತದೆ. ಯಾವ ಇಂಜೆಕ್ಷನ್, ಬಿಪಿ ಮಾತ್ರೆ ಯಾವುದು, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು. ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟರು. ಬಗ್ಗಿಸಿದರೆ ಹೆಪ್ಪುಗಟ್ಟಿರಲೇ ಇಲ್ಲ, ನೀರಿನ ಹಾಗೆ ಹರಿಯಿತು. ವಿಷ ರಕ್ತಕ್ಕೆ ಹತ್ತಿದೆ ಅಂತ ತಿಳಿದು ತಕ್ಷಣ ಆ್ಯಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಶುರು ಮಾಡಿದರು.

ಜೀವ ಉಳಿಯಿತು, ಇನ್ನು ಭಯವಿಲ್ಲ ಅಂದುಕೊಂಡೆ. ಆದರೆ ಈ ಹಾವಿನ ವಿಷ ಕಿಡ್ನಿಗೂ ಹೊಡೆಯುತ್ತದೆ, ಅದೂ ಒಂದೆರಡು ದಿನ ಬಿಟ್ಟು, ರೋಗಿ ಎದ್ದು ಕೂತು ಮಾತಾಡುತ್ತಿರುವಾಗಲೇ. ಅದನ್ನು ನನಗೆ ಬಿಡಿಸಿ ಹೇಳಿದ್ದು ರಾತ್ರಿ ಪಾಳಿಯ ಸಿಸ್ಟರ್. ಅಪ್ಪನ ತೂಕ 60 ಕೆಜಿ, ಹಾಗಾಗಿ ಗಂಟೆಗೆ 30 ಎಂಎಲ್ ಆದರೂ ಮೂತ್ರ ಬರಬೇಕು, ಆರು ಗಂಟೆ ಅದಕ್ಕಿಂತ ಕಮ್ಮಿಯಾದರೆ ಕಿಡ್ನಿ ಕಷ್ಟದಲ್ಲಿದೆ ಅಂತ ಅರ್ಥ ಎಂದರು. ಆಮೇಲೆ ಪ್ರತಿ ಗಂಟೆಗೂ ಬಂದು, ಬಗ್ಗಿ ಮೂತ್ರದ ಚೀಲದ ಅಳತೆ ನೋಡಿ ಬರೆದುಕೊಂಡರು. ಆ ಸಾಲಿನಲ್ಲಿ ಇನ್ನೂ ಇಬ್ಬರು ರೋಗಿಗಳಿದ್ದರು, ಅವರನ್ನೂ ಹಾಗೇ ನೋಡಿಕೊಂಡರು.

ಎರಡನೇ ದಿನ ಅಳತೆ 20ಕ್ಕೆ ಇಳಿಯಿತು. ಕ್ರಿಯಾಟಿನಿನ್ 0.9 ಇದ್ದದ್ದು 1.6, ಮರುದಿನ 2.8. ಡಯಾಲಿಸಿಸ್ ಬೇಕಾಗಬಹುದು ಅಂತ ಹೇಳಿಟ್ಟರು. ನನಗೆ ಕೈಕಾಲು ಆಡಲಿಲ್ಲ. ಅವರು ಗಾಬರಿಯಾಗಲಿಲ್ಲ, ಕಿಡ್ನಿಗೆ ಹೊರೆಯಾಗದಿರಲಿ ಅಂತ ಬಿಪಿ ಮಾತ್ರೆ ಆಗಲೇ ನಿಲ್ಲಿಸಿದ್ದರು, ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಕೊಡಲಿಲ್ಲ, ಡ್ರಿಪ್ಪನ್ನೂ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಲೆಕ್ಕ ಹಾಕಿಯೇ ಕೊಟ್ಟರು, ಯಾಕೆಂದರೆ ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ, ಅದಕ್ಕೆ ಅದನ್ನೂ ದಿನಕ್ಕೆರಡು ಸಲ ನೋಡಿದರು. ಇದರಲ್ಲಿ ದೊಡ್ಡ ಮೆಷಿನ್ ಯಾವುದೂ ಇರಲಿಲ್ಲ. ಇದ್ದದ್ದು ಅಳತೆಯ ಚೀಲ, ಒಂದು ಹಾಳೆ, ಮತ್ತೆ ನಿದ್ದೆಗೆಟ್ಟು ಅದನ್ನು ನೋಡುವ ಜನ. ಇಷ್ಟು ಎಲ್ಲ ಆಸ್ಪತ್ರೆಯಲ್ಲೂ ಸಿಗಬೇಕು, ಅಲ್ವಾ?

ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಎರಡು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ. ಆ ಚೀಟಿ ನಮ್ಮ ಕ್ಯಾಲೆಂಡರಿನ ಪಕ್ಕ ನೇತಾಡುತ್ತಿದೆ. ಅಮ್ಮ ಮಂಡಿ ನೋವಿಗೆ ನುಂಗುತ್ತಿದ್ದ ಮಾತ್ರೆಯನ್ನೂ ಡಾಕ್ಟರಿಗೆ ತೋರಿಸಿ ಬದಲಾಯಿಸಿಕೊಂಡಳು.

ಸಿಸ್ಟರ್, ನಾಲ್ಕನೇ ದಿನ ಬೆಳಗಿನ ಜಾವ ನೀವು ನನ್ನನ್ನು ಎಬ್ಬಿಸಿ ಹಾಳೆ ತೋರಿಸಿದ್ದಿರಿ. ಗಂಟೆಗಂಟೆಯ ಮೂತ್ರದ ಅಳತೆ: 22, 25, 25, 40, 55. ನಿಮ್ಮ ಕಣ್ಣಲ್ಲೂ ನೀರಿತ್ತು. ಆ ಹಾಳೆಯ ಫೋಟೋ ಫೋನಿನಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ. ಅಪ್ಪ ನಿಮ್ಮೆಲ್ಲರಿಗೂ ಅಂತ ಒಂದು ಬಾಳೆಗೊನೆ ಹಣ್ಣಿಗೆ ಹಾಕಿದ್ದಾರೆ, ಭಾನುವಾರ ತರುತ್ತೇವೆ.